ಸ್ಥಿರ ಮಾರ್ಗದ ದೋಷ: ಕಚೇರಿಯ ಗಣಕಯಂತ್ರದಲ್ಲಿ ಅದನ್ನು ಕಂಡುಹಿಡಿಯುವ ಬಗೆ

ಉದಾಹರಣೆಗಾಗಿ ಒಂದು ಶಾಲೆಯ ಕಚೇರಿಯನ್ನು ಕಲ್ಪಿಸಿಕೊಳ್ಳಬಹುದು. ಕಚೇರಿಯಲ್ಲಿ ಮೂರು ಗಣಕಯಂತ್ರಗಳಿವೆ. ಅವುಗಳ ವಿಳಾಸಗಳೆಲ್ಲ 192.168.1 ಎಂಬ ಸರಣಿಯವು. ಇಂಟರ್ನೆಟ್ ತರುವ ಬ್ರಾಡ್‌ಬ್ಯಾಂಡ್ ರೌಟರಿನ ವಿಳಾಸ 192.168.1.1. ಅಂಗಳದಾಚೆಯ ಕಟ್ಟಡದಲ್ಲಿ ಗಣಕ ಪ್ರಯೋಗಾಲಯವಿದ್ದು, ಅಲ್ಲಿಯ ಸರಣಿ 192.168.5. ಶಾಲೆಯ ದಾಖಲಾತಿ ಪಟ್ಟಿ, ಅಂಕಪಟ್ಟಿ, ಕನ್ನಡ ಮಾಧ್ಯಮದ ಪ್ರಶ್ನೆಪತ್ರಿಕೆಗಳು ಇವೆಲ್ಲ 192.168.5.10 ಎಂಬ ಸರ್ವರಿನಲ್ಲಿವೆ. ಎರಡು ಜಾಲಗಳ ನಡುವೆ ಇನ್ನೊಂದು ರೌಟರ್ ಕುಳಿತಿದೆ. ಕಚೇರಿಯ ಕಡೆಗೆ ಅದರ ವಿಳಾಸ 192.168.1.2, ಪ್ರಯೋಗಾಲಯದ ಕಡೆಗೆ 192.168.5.1.

ಪರೀಕ್ಷೆಯ ಬೆಳಿಗ್ಗೆ ಕಚೇರಿಯ ಯಂತ್ರದಲ್ಲಿ ಸರ್ವರಿನ ಕಡತಗಳು ತೆರೆಯುವುದಿಲ್ಲ. ಇಂಟರ್ನೆಟ್ ಮಾತ್ರ ಸರಾಗವಾಗಿ ಬರುತ್ತಿದೆ. ಒಬ್ಬರು ಸರ್ವರ್ ಕೆಟ್ಟಿತೆನ್ನುತ್ತಾರೆ, ಇನ್ನೊಬ್ಬರು ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸುತ್ತಾರೆ, ಮೂರನೆಯವರು ಎಲ್ಲ ಯಂತ್ರಗಳನ್ನೂ ಆರಿಸಿ ಹೊತ್ತಿಸುತ್ತಾರೆ. ಗಡಿನಾಡಿನ ಕನ್ನಡ ಶಾಲೆಗೆ ಈ ಪೇಚು ಇತರರಿಗಿಂತ ಹೆಚ್ಚು ತೊಡಕಿನದು. ನೆರೆಯ ಶಾಲೆಯಿಂದ ಪತ್ರಿಕೆಯ ಒಂದು ಪ್ರತಿಯನ್ನು ತರಿಸಿಕೊಳ್ಳೋಣವೆಂದರೆ, ಅಲ್ಲಿಯ ಪತ್ರಿಕೆ ಮಲಯಾಳದಲ್ಲಿಯೋ ತಮಿಳಿನಲ್ಲಿಯೋ ಮರಾಠಿಯಲ್ಲಿಯೋ ತೆಲುಗಿನಲ್ಲಿಯೋ ಇರುತ್ತದೆ.

ದೂರದ ಇಂಟರ್ನೆಟ್ ಬರುತ್ತದೆ, ಅಂಗಳದಾಚೆಯ ಸರ್ವರ್ ಸಿಗುವುದಿಲ್ಲ: ಈ ಲಕ್ಷಣವೇ ಮೊದಲ ಸುಳಿವು. ತಂತಿಯೂ ಯಂತ್ರವೂ ಸರಿಯಾಗಿವೆ, ದಾರಿಯ ಬರಹ ತಪ್ಪಿರಬಹುದು ಎಂಬುದನ್ನು ಅದು ಹೇಳುತ್ತದೆ.

ಪ್ರತಿಯೊಂದು ಗಣಕಯಂತ್ರವೂ ತನ್ನೊಳಗೆ ಒಂದು ಮಾರ್ಗಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ತಾಳವಾಡಿಯ ಬಸ್ ನಿಲ್ದಾಣವನ್ನು ನೆನೆದರೆ ಅದರ ಸ್ವರೂಪ ತಿಳಿಯುತ್ತದೆ. ಈರೋಡಿಗೆ ಹೋಗುವವರು ಹಾಸನೂರಿನ ಮೇಲೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲ ಸೇರಬೇಕು. ಮೈಸೂರಿನ ಕಡೆಯವರು ಚಾಮರಾಜನಗರದ ರಸ್ತೆ ಹಿಡಿಯಬೇಕು. ತಾಳವಾಡಿಯಲ್ಲಿ ದಾರಿ ತೋರಿಸುವವನಿಗೆ ಈರೋಡಿನ ಬೀದಿಗಳು ಗೊತ್ತಿರಬೇಕಾಗಿಲ್ಲ. ಇಂಥ ಊರಿಗೆ ಇಂಥ ದಿಕ್ಕಿನ ಬಸ್ಸು ಎಂದಷ್ಟೇ ತಿಳಿದಿದ್ದರೆ ಸಾಕು. ಮುಂದಿನ ದಾರಿಯನ್ನು ಸತ್ಯಮಂಗಲದವರು ಹೇಳುತ್ತಾರೆ. ಮಾರ್ಗಪಟ್ಟಿಯ ಒಂದೊಂದು ಸಾಲೂ ಇಷ್ಟನ್ನೇ ಹೇಳುತ್ತದೆ: ತಲುಪಬೇಕಾದ ಜಾಲ, ಅದರ ವ್ಯಾಪ್ತಿಯನ್ನು ತಿಳಿಸುವ ಮಾಸ್ಕ್, ಪೊಟ್ಟಣವನ್ನು ಒಪ್ಪಿಸಬೇಕಾದ ಮುಂದಿನ ಯಂತ್ರ ಅಥವಾ ಗೇಟ್‌ವೇ, ಹೊರಹೋಗುವ ಬಾಗಿಲು, ಮತ್ತು ಮೆಟ್ರಿಕ್ ಎಂಬ ಆದ್ಯತೆಯ ಅಂಕಿ.

ಪಟ್ಟಿಯಲ್ಲಿ 0.0.0.0 ಎಂಬ ಸಾಲೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬೇರೆ ಯಾವ ಸಾಲಿಗೂ ಹೊಂದದಿರುವುದೆಲ್ಲ ಇಲ್ಲಿಗೆ ಎಂಬುದು ಅದರ ಅರ್ಥ. ಇದೇ ಡೀಫಾಲ್ಟ್ ಮಾರ್ಗ. ವಿಳಾಸಕ್ಕೆ ಹೊಂದುವ ಸಾಲುಗಳು ಹಲವಿದ್ದರೆ ಹೆಚ್ಚು ನಿರ್ದಿಷ್ಟವಾದ ಸಾಲು ಗೆಲ್ಲುತ್ತದೆ. ನಿರ್ದಿಷ್ಟತೆ ಸಮನಾಗಿದ್ದಾಗ ಮಾತ್ರ ಮೆಟ್ರಿಕ್ ಕಡಿಮೆ ಇರುವ ಸಾಲಿಗೆ ಆದ್ಯತೆ. ಮೇಲಿನ ಕಚೇರಿಯಲ್ಲಿ 192.168.5 ಸರಣಿಗೆ 192.168.1.2ರ ಮೂಲಕ ಹೋಗತಕ್ಕದ್ದು ಎಂದು ಯಾರೋ ಕೈಯಾರೆ ಬರೆದಿದ್ದ ಸಾಲೇ ಸ್ಥಿರ ಮಾರ್ಗ. ಅದು ಅಳಿಸಿಹೋದರೆ ಸರ್ವರಿಗೆ ಹೊರಟ ಪೊಟ್ಟಣ ಡೀಫಾಲ್ಟ್ ಸಾಲನ್ನು ಹಿಡಿದು ಬ್ರಾಡ್‌ಬ್ಯಾಂಡ್ ರೌಟರಿಗೆ ಹೋಗಿ ಅಲ್ಲಿಯೇ ಕಳೆದುಹೋಗುತ್ತದೆ. ಇಂಟರ್ನೆಟ್ಟಿಗೆ ಅದರಿಂದ ಏನೂ ಆಗುವುದಿಲ್ಲ.

ಸ್ಥಿರ ಎಂಬ ವಿಶೇಷಣದಲ್ಲಿ ಗುಣವೂ ದೋಷವೂ ಸೇರಿಕೊಂಡಿವೆ. ಬರೆದದ್ದು ತಾನಾಗಿ ಬದಲಾಗುವುದಿಲ್ಲ. ಸುತ್ತಲಿನ ಜಾಲ ಬದಲಾದರೂ ಅದಕ್ಕೆ ತಿಳಿಯುವುದಿಲ್ಲ. ಆದುದರಿಂದ ದೋಷವನ್ನು ಹುಡುಕುವವರು ಹೊಸ ಸಾಲನ್ನು ಬರೆಯಲು ಆತುರಪಡದೆ, ಇರುವ ಪಟ್ಟಿಯನ್ನು ಮೊದಲು ಓದಬೇಕು. ಓದದೆ ಬರೆದ ಸಾಲುಗಳು ಒಂದರ ಮೇಲೊಂದು ಸೇರಿ, ಕೊನೆಗೆ ಯಾವುದು ಯಾರದೆಂಬುದೇ ತಿಳಿಯದ ಪಟ್ಟಿಗಳು ಕಚೇರಿಗಳಲ್ಲಿ ಬೇಕಾದಷ್ಟಿವೆ.

ಇಲ್ಲಿ ಆದೇಶಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಕೊಟ್ಟಿದೆ. ಯಂತ್ರದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯತಕ್ಕದ್ದು. ವಿಂಡೋಸ್ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ‘ಐಪಿಕಾನ್ಫಿಗ್’ ಎಂದು ಬರೆದು, ಯಂತ್ರದ ಸ್ವಂತ ವಿಳಾಸವನ್ನು ನೋಡಬೇಕು. ಅದು 169.254ರಿಂದ ಆರಂಭವಾಗಿದ್ದರೆ ಯಂತ್ರಕ್ಕೆ ರೌಟರಿನಿಂದ ವಿಳಾಸವೇ ದೊರೆತಿಲ್ಲ. ಮಾರ್ಗದ ಮಾತು ಅನಂತರದ್ದು. ವಿಳಾಸ ಸರಿಯಿದ್ದರೆ ‘ರೂಟ್ ಪ್ರಿಂಟ್’ ಎಂದು ಬರೆದಾಗ ಪಟ್ಟಿ ಮೂಡುತ್ತದೆ. ಮೇಲೆ ಸಕ್ರಿಯ ಮಾರ್ಗಗಳು, ಕೆಳಗೆ ಶಾಶ್ವತ ಮಾರ್ಗಗಳು ಎಂಬ ಎರಡು ಭಾಗಗಳಿರುತ್ತವೆ. ಈ ಎರಡನ್ನೂ ಹೋಲಿಸಿ ನೋಡುವುದರಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ. ಮೇಲೆ ಇದ್ದು ಕೆಳಗೆ ಇಲ್ಲದ ಸ್ಥಿರ ಮಾರ್ಗ, ಯಂತ್ರವನ್ನು ಮರುಚಾಲನೆ ಮಾಡಿದೊಡನೆ ಮಾಯವಾಗುತ್ತದೆ. ನಿನ್ನೆ ಇದ್ದುದು ಇಂದು ಇಲ್ಲ ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಮೂಲ ಇದೇ. ಕೆಳಗೆ ಇದ್ದು ಮೇಲೆ ಇಲ್ಲದಿದ್ದರೆ, ಅದರ ಗೇಟ್‌ವೇ ಯಂತ್ರದ ಈಗಿನ ಜಾಲದಲ್ಲಿ ಇಲ್ಲವೆಂದು ಸಂಶಯಪಡಬಹುದು.

ಮಾರ್ಗವನ್ನು ಉಳಿಯುವಂತೆ ಬರೆಯಲು ‘ರೂಟ್ -ಪಿ ಆ್ಯಡ್ 192.168.5.0 ಮಾಸ್ಕ್ 255.255.255.0 192.168.1.2’ ಎಂಬುದು ಕ್ರಮ. ಇಲ್ಲಿಯ ‘ಪಿ’ ಶಾಶ್ವತವೆಂಬುದರ ಗುರುತು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆಯದಿದ್ದರೆ ಆದೇಶ ನಡೆಯುವುದಿಲ್ಲ. ಮಾಸ್ಕನ್ನು ಬರೆಯದೆ ಬಿಟ್ಟರೆ ವಿಂಡೋಸ್ ಅದನ್ನು 255.255.255.255 ಎಂದು ತೆಗೆದುಕೊಳ್ಳುತ್ತದೆ. ಆಗ ಆ ಸಾಲು ಇಡೀ ಪ್ರಯೋಗಾಲಯಕ್ಕಲ್ಲದೆ 192.168.5.0 ಎಂಬ ಒಂದೇ ವಿಳಾಸಕ್ಕೆ ದಾರಿಯಾಗುತ್ತದೆ. ದೋಷಸೂಚನೆ ಬರುವುದಿಲ್ಲ, ಕೆಲಸವೂ ಆಗುವುದಿಲ್ಲ. ಮಾಸ್ಕ್ 255.255.255.0 ಎಂದಿಟ್ಟು ಜಾಲದ ಜಾಗದಲ್ಲಿ 192.168.5.10 ಎಂದು ಸರ್ವರಿನ ವಿಳಾಸವನ್ನೇ ಬರೆದರೆ ಯಂತ್ರ ಅದನ್ನು ತಿರಸ್ಕರಿಸುತ್ತದೆ. ತಿರಸ್ಕರಿಸುವ ತಪ್ಪು ಸುಲಭ. ಸುಮ್ಮನೆ ಒಪ್ಪಿಕೊಳ್ಳುವ ತಪ್ಪೇ ಕಷ್ಟದ್ದು. ತಪ್ಪು ಸಾಲನ್ನು ತೆಗೆಯಲು ‘ರೂಟ್ ಡಿಲೀಟ್ 192.168.5.0’ ಸಾಕು. ‘ರೂಟ್ -ಎಫ್’ ಎಂಬ ಇನ್ನೊಂದು ಆದೇಶ ಗೇಟ್‌ವೇ ಇರುವ ಸಾಲುಗಳನ್ನೆಲ್ಲ ಒಮ್ಮೆಗೇ ಅಳಿಸಿಬಿಡುತ್ತದೆ; ಶಾಲೆಯ ಕಚೇರಿಯಲ್ಲಿ ಅದರ ಗೊಡವೆ ಬೇಡ.

ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಒದಗಿಸಿದ ಉಬುಂಟು ಆಧಾರಿತ ಲಿನಕ್ಸ್ ಇರುವುದರಿಂದ, ಕಾಸರಗೋಡಿನ ಶಿಕ್ಷಕರಿಗೆ ಆದೇಶಗಳು ಬೇರೆ, ತತ್ತ್ವ ಒಂದೇ. ‘ಐಪಿ ರೂಟ್’ ಎಂದರೆ ಪಟ್ಟಿ ಬರುತ್ತದೆ. ಲಿನಕ್ಸಿನಲ್ಲಿ ಒಂದು ಹೆಚ್ಚಿನ ಅನುಕೂಲವಿದೆ: ‘ಐಪಿ ರೂಟ್ ಗೆಟ್ 192.168.5.10’ ಎಂದು ಕೇಳಿದರೆ, ಆ ವಿಳಾಸಕ್ಕೆ ಈ ಕ್ಷಣದಲ್ಲಿ ಯಾವ ಗೇಟ್‌ವೇ, ಯಾವ ಬಾಗಿಲು ಎಂಬುದನ್ನು ಯಂತ್ರವೇ ಹೇಳುತ್ತದೆ. ಆದೇಶದ ಮೂಲಕ ಸೇರಿಸಿದ ಮಾರ್ಗ ಇಲ್ಲಿಯೂ ಮರುಚಾಲನೆಯೊಂದಿಗೆ ಹೋಗುತ್ತದೆ. ಉಳಿಯಬೇಕಾದರೆ ಜಾಲದ ಸೆಟ್ಟಿಂಗ್ಸ್‌ನಲ್ಲಿ ಐಪಿವಿ4 ವಿಭಾಗದ ರೂಟ್ಸ್ ಎಂಬಲ್ಲಿ ಬರೆದಿಡಬೇಕು.

ಪಟ್ಟಿ ಸರಿಯಾಗಿ ಕಂಡರೂ ಸರ್ವರ್ ಸಿಗದಿದ್ದಾಗ ಹೆಜ್ಜೆಹೆಜ್ಜೆಯಾಗಿ ನಡೆದು ನೋಡಬೇಕು. ಮೊದಲು 192.168.1.2ಕ್ಕೆ ಪಿಂಗ್. ಉತ್ತರ ಬಂದರೆ ನಡುವಿನ ರೌಟರ್ ಜೀವಂತವಾಗಿದೆ. ಬಳಿಕ ಅದರ ಆಚೆಯ ಮುಖವಾದ 192.168.5.1ಕ್ಕೆ ಪಿಂಗ್. ಅಲ್ಲಿಂದಲೂ ಉತ್ತರ ಬಂದರೆ ಕಚೇರಿಯ ಯಂತ್ರದ ಸ್ಥಿರ ಮಾರ್ಗ ತನ್ನ ಕೆಲಸ ಮಾಡಿದೆ. ಕೊನೆಗೆ 192.168.5.10. ‘ಟ್ರೇಸರ್ಟ್ -ಡಿ 192.168.5.10’ ಎಂಬ ಆದೇಶ ಇದೇ ನಡಿಗೆಯನ್ನು ಒಮ್ಮೆಗೇ ತೋರಿಸುತ್ತದೆ. ಅದರ ಮೊದಲ ಸಾಲಿನಲ್ಲಿ 192.168.1.1 ಕಂಡರೆ ಪೊಟ್ಟಣ ತಪ್ಪು ಬಾಗಿಲಿನಿಂದ ಹೊರಟಿದೆ, 192.168.1.2 ಕಂಡು, ಅನಂತರ ಬರಿಯ ನಕ್ಷತ್ರಗಳೇ ಬಂದರೆ ತೊಂದರೆ ಅದರಾಚೆಗಿದೆ.

ಅದರಾಚೆಗೆ ಎಂದಾಗ ಎಲ್ಲರೂ ಮರೆಯುವುದು ಹಿಂದಿರುಗುವ ದಾರಿಯನ್ನು. ತಾಳವಾಡಿಯಿಂದ ಈರೋಡಿಗೆ ಹೋದವನಿಗೆ ಮರಳುವ ಬಸ್ಸು ಸಿಗದಿದ್ದರೆ, ಮನೆಯವರಿಗೆ ಅವನು ಹೋದುದೂ ಒಂದೇ, ದಾರಿಯಲ್ಲಿ ಕಳೆದುಹೋದುದೂ ಒಂದೇ. ಕಚೇರಿಯ ಕೋರಿಕೆ ಸರ್ವರಿಗೆ ತಲುಪಿದೆಯೆನ್ನೋಣ. ಉತ್ತರವನ್ನು ಕಳಿಸಲು ಸರ್ವರ್ ತನ್ನ ಪಟ್ಟಿಯನ್ನು ನೋಡುತ್ತದೆ. ಅದರ ಡೀಫಾಲ್ಟ್ ಗೇಟ್‌ವೇ 192.168.5.1 ಆಗಿದ್ದರೆ ಉತ್ತರ ನೆಟ್ಟಗೆ ಮರಳುತ್ತದೆ. ಆದರೆ ಪ್ರಯೋಗಾಲಯಕ್ಕೆ ಪ್ರತ್ಯೇಕ ಬ್ರಾಡ್‌ಬ್ಯಾಂಡ್ ಬಂದು, ಸರ್ವರಿನ ಗೇಟ್‌ವೇಯನ್ನು ಆ ಹೊಸ ರೌಟರಿಗೆ ಬದಲಾಯಿಸಿದ್ದರೆ ಉತ್ತರ ಅತ್ತ ಹೋಗಿ ಕಾಣೆಯಾಗುತ್ತದೆ. ಕಚೇರಿಯಲ್ಲಿ ಏನೂ ಬದಲಾಗಿಲ್ಲವೆಂದು ಗುಮಾಸ್ತರು ಹೇಳುವುದು ನಿಜವೇ. ಬದಲಾದದ್ದು ಇನ್ನೊಂದು ಕಟ್ಟಡದಲ್ಲಿ. ಸರ್ವರಿನಲ್ಲಿ 192.168.1 ಸರಣಿಗೆ 192.168.5.1ರ ಮೂಲಕ ಹೋಗುವ ಸ್ಥಿರ ಮಾರ್ಗವನ್ನು ಬರೆದರೆ ಇದು ನೀಗುತ್ತದೆ. ದೋಷವನ್ನು ಹುಡುಕುವಾಗ ಎರಡೂ ತುದಿಯ ಪಟ್ಟಿಗಳನ್ನು ಓದಬೇಕೆಂಬುದು ಇದಕ್ಕಾಗಿಯೇ.

ಪಿಂಗ್‌ಗೆ ಉತ್ತರ ಬರಲಿಲ್ಲವೆಂದ ಮಾತ್ರಕ್ಕೆ ಮಾರ್ಗ ಕೆಟ್ಟಿದೆ ಎನ್ನುವಂತಿಲ್ಲ. ವಿಂಡೋಸಿನ ಫೈರ್‌ವಾಲ್ ಖಾಸಗಿ ಜಾಲದ ವ್ಯವಸ್ಥೆಯಲ್ಲಿ ಕಡತ ಹಂಚಿಕೆಯನ್ನೂ ಪಿಂಗನ್ನೂ ಸಾಮಾನ್ಯವಾಗಿ ತನ್ನದೇ ಸರಣಿಯ ಯಂತ್ರಗಳಿಗೆ ಮಾತ್ರ ಅನುಮತಿಸುತ್ತದೆ. ಬೇರೆ ಸರಣಿಯಿಂದ ಬರುವ ಕಚೇರಿಯ ಯಂತ್ರ ಅದಕ್ಕೆ ಹೊರಗಿನದು. ಅಂಥಲ್ಲಿ ಫೈರ್‌ವಾಲನ್ನೇ ಆರಿಸಿಬಿಡುವುದು ರೂಢಿಯಾಗಿದೆ; ಅದು ಸಲ್ಲದು. ಆ ನಿಯಮದ ವ್ಯಾಪ್ತಿಗೆ 192.168.1 ಸರಣಿಯನ್ನು ಸೇರಿಸಿದರೆ ಸಾಕು. ನಡುವೆ ಇಟ್ಟದ್ದು ಮನೆಬಳಕೆಯ ವೈಫೈ ರೌಟರ್ ಆಗಿದ್ದರೆ, ಅದು ತನ್ನ ವ್ಯಾನ್ ಮುಖದಿಂದ ಒಳಬರುವುದನ್ನು ತಡೆಯುವ ಸಂಭವವೂ ಇದೆ. ಅಂಕಿಯ ವಿಳಾಸದಿಂದ ತೆರೆಯುವ ಸರ್ವರ್ ಹೆಸರಿನಿಂದ ತೆರೆಯದಿದ್ದರೆ ಅದು ಹೆಸರುಪಟ್ಟಿಯ ದೋಷ, ಮಾರ್ಗದ್ದಲ್ಲ.

ಒಂದು ಸಂದರ್ಭದಲ್ಲಿ ಎಷ್ಟು ಮಾರ್ಗ ಬರೆದರೂ ಪ್ರಯೋಜನವಿಲ್ಲ. ಪ್ರಯೋಗಾಲಯದ ಸರಣಿಯೂ 192.168.1 ಆಗಿದ್ದರೆ, ಕಚೇರಿಯ ಯಂತ್ರ ಆ ಸರ್ವರನ್ನು ತನ್ನ ಕೋಣೆಯಲ್ಲಿಯೇ ಇದೆಯೆಂದು ತಿಳಿದು ಗೇಟ್‌ವೇಗೆ ಕಳಿಸುವುದೇ ಇಲ್ಲ. ಹೊಸ ರೌಟರುಗಳಲ್ಲಿ ಬಹಳಷ್ಟು 192.168.0 ಅಥವಾ 192.168.1 ಸರಣಿಯೊಂದಿಗೇ ಬರುವುದರಿಂದ ಈ ಘರ್ಷಣೆ ಅಪರೂಪವಲ್ಲ. ಒಂದು ಕಡೆಯ ಸರಣಿಯನ್ನು ಬದಲಾಯಿಸುವುದೇ ನೇರವಾದ ದಾರಿ. ಇದಕ್ಕೆ ತಿರುಗುಮುರುಗಾದುದೂ ನಡೆಯುತ್ತದೆ. ಬ್ರಾಡ್‌ಬ್ಯಾಂಡ್ ಕಂಪನಿಯನ್ನು ಬದಲಾಯಿಸಿದಾಗ ಹೊಸ ರೌಟರ್ ಕಚೇರಿಗೆ 192.168.0 ಸರಣಿಯನ್ನು ಕೊಡುತ್ತದೆ. ಹಳೆಯ ಸ್ಥಿರ ಮಾರ್ಗ 192.168.1.2 ಎಂಬ, ಈಗ ಕೈಗೆಟುಕದ ಗೇಟ್‌ವೇಯನ್ನು ಹೇಳುತ್ತ ಕುಳಿತಿರುತ್ತದೆ. ಕರೆಂಟು ಹೋದಾಗ ಯಂತ್ರವನ್ನು ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿದರೂ ಇದೇ ಗತಿ.

ಇಷ್ಟೆಲ್ಲ ತೊಡಕಿಗೆ ಕಾರಣ ಒಂದೊಂದು ಯಂತ್ರದಲ್ಲಿಯೂ ಮಾರ್ಗವನ್ನು ಬರೆಯುವ ಅಭ್ಯಾಸ. ಬ್ರಾಡ್‌ಬ್ಯಾಂಡ್ ರೌಟರಿನಲ್ಲಿ ಸ್ಥಿರ ಮಾರ್ಗಕ್ಕೆ ಅವಕಾಶವಿದ್ದರೆ ಅಲ್ಲಿ ಒಮ್ಮೆ ಬರೆಯುವುದು ಲೇಸು. ಕಚೇರಿಯ ಯಂತ್ರಗಳು ಡೀಫಾಲ್ಟ್ ದಾರಿಯಲ್ಲಿ ಅದರ ಬಳಿಗೆ ಹೋಗುತ್ತವೆ, ಅದು 192.168.1.2ಕ್ಕೆ ತಿರುಗಿಸುತ್ತದೆ. ತಪ್ಪಾದರೆ ತಿದ್ದಬೇಕಾದ ಜಾಗವೂ ಒಂದೇ. ಅವಕಾಶವಿಲ್ಲದ ಅಗ್ಗದ ರೌಟರ್ ಇದ್ದಲ್ಲಿ ಮಾತ್ರ ಯಂತ್ರಗಳಲ್ಲಿ ಬರೆಯಬೇಕು.

ಗಡಿಭಾಗದ ಶಾಲೆಗೆ ದುರಸ್ತಿಗೆಂದು ಬರುವ ತಂತ್ರಜ್ಞನಿಗೆ ಹಲವು ವೇಳೆ ಕನ್ನಡ ಬಾರದು. ನೆಟ್ ಇದೆ, ಸರ್ವರ್ ಇಲ್ಲ ಎಂದು ಹರಕು ಮಲಯಾಳದಲ್ಲಿಯೋ ಮರಾಠಿಯಲ್ಲಿಯೋ ಹೇಳಿದರೆ ಅವನು ತಂತಿಯಿಂದಲೇ ಆರಂಭಿಸುತ್ತಾನೆ, ಅರ್ಧ ದಿನ ಕಳೆಯುತ್ತದೆ. ವಿಳಾಸಗಳ ಅಂಕಿಗಳು ಎಲ್ಲ ಭಾಷೆಗೂ ಸಮಾನ. ಪಟ್ಟಿಯ ಪ್ರತಿ, ಟ್ರೇಸರ್ಟ್ ತೋರಿಸಿದ ಮೊದಲ ಎರಡು ಸಾಲು, ಉತ್ತರ ಬಂದ ಹಾಗೂ ಬಾರದ ವಿಳಾಸಗಳು ಇಷ್ಟನ್ನು ಕಾಗದದ ಮೇಲೆ ಬರೆದು ಕೊಟ್ಟರೆ ಮಾತಿನ ಕೊರತೆ ಅಡ್ಡಬರುವುದಿಲ್ಲ. ಅವನು ಹೊರಡುವ ಮುನ್ನ ಯಾವ ಯಂತ್ರದಲ್ಲಿ ಯಾವ ಸಾಲನ್ನು ಸೇರಿಸಿದ, ಯಾವುದನ್ನು ತೆಗೆದ ಎಂಬುದನ್ನು ದಿನಾಂಕಸಹಿತ ಶಾಲೆಯ ದಾಸ್ತಾನು ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಬಳಿಕ ಅವನ ಎದುರಿನಲ್ಲಿಯೇ ಯಂತ್ರವನ್ನು ಒಮ್ಮೆ ಮರುಚಾಲನೆ ಮಾಡಿ, ಸರ್ವರಿನ ಕಡತವನ್ನು ತೆರೆದು ನೋಡತಕ್ಕದ್ದು.