ಎಣಿಕೆ ತಪ್ಪಿದರೆ ಎದೆಗುಂದಬೇಡಿ

ಕಸೂತಿ ಹಾಕುವವರೆಲ್ಲ ಬಲ್ಲ ಸಂಕಟವಿದು: ಗೋಪುರದ ಚಿತ್ತಾರ ಅರ್ಧ ಏರಿದ ಮೇಲೆ ನೋಡಿದರೆ ಎಡ ಬಲ ಕೂಡುವುದಿಲ್ಲ. ಎಲ್ಲೋ ಒಂದು ಎಳೆ ತಪ್ಪಿರುತ್ತದೆ. ಸಿಟ್ಟು ಬರುವುದು ಸಹಜ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿ ಹೊಲಿಗೆಯಲ್ಲಂತೂ ಹೋಗುವಾಗ ಬಿಟ್ಟ ಜಾಗವನ್ನು ಮರಳುವಾಗ ತುಂಬಬೇಕು. ತಪ್ಪನ್ನು ಹಾಗೇ ಬಿಟ್ಟರೆ ಮರಳುವ ದಾರಿಯೂ ಕೆಡುತ್ತದೆ.

ಎಣಿಕೆ ತಪ್ಪದಿರಲು ಮೊದಲು ಮ್ಯಾಟಿ ಬಟ್ಟೆಯ ಮೇಲೆ ಗವಂತಿ, ಮೆಂತೆ ಹೊಲಿಗೆಗಳು ಪಳಗಲಿ. ಇಳಕಲ್ ಸೀರೆ ಆಮೇಲೆ. ಚಿತ್ತಾರವನ್ನು ನಡುವಿನಿಂದ ಶುರು ಮಾಡಿ. ದಾರ ಮೊಳದುದ್ದ ಸಾಕು, ಹೆಚ್ಚಾದರೆ ಸಿಕ್ಕಾಗುತ್ತದೆ. ಕಪ್ಪು ಬಟ್ಟೆಯಾದರೆ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ, ಎಳೆಗಳ ಸಂದು ಎದ್ದು ಕಾಣುತ್ತದೆ. ಆಗಾಗ ಹಿಂಬದಿ ತಿರುವಿ ನೋಡಿ. ಗವಂತಿ ಎರಡೂ ಕಡೆ ಒಂದೇ ಸಮ ಇರಬೇಕು. ಬಿಚ್ಚುವಾಗ ದಾರ ಜಗ್ಗಬೇಡಿ, ಸೂಜಿಯ ಕಣ್ಣಿನ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ. ಕಣ್ಣು ದಣಿದರೆ ಅಂದಿಗೆ ಮಡಚಿಡಿ.

ಬಿಚ್ಚಿ ಹಾಕಿದ ಹೊತ್ತು ದಂಡವಲ್ಲ. ಎಣಿಕೆ ಕೈಗೆ ಹತ್ತುವುದೇ ಹಾಗೆ. ಅರ್ಧಕ್ಕೆ ನಿಂತ ಬಟ್ಟೆ ಪೆಟ್ಟಿಗೆಯಲ್ಲಿದ್ದರೆ, ನಾಳೆ ಹಗಲು ಬೆಳಕಿನಲ್ಲಿ ಮತ್ತೆ ಕೈಗೆತ್ತಿಕೊಳ್ಳಿ.