ಮಾಲ್ಡೀವ್ಸ್ ರೆಸಾರ್ಟ್: ರಾತ್ರಿಯ ದರವನ್ನಷ್ಟೇ ಹೋಲಿಸಬೇಡಿ

ಮಾಲ್ಡೀವ್ಸ್‌ಗೆ ಹೊರಟವರು ತೋರಿಸುವ ಕೊಟೇಶನ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಅಂಕಿಯ ಕೆಳಗೆ ಗೆರೆ ಎಳೆದಿರುತ್ತದೆ: ರಾತ್ರಿಗೆ ಇಷ್ಟು ಡಾಲರ್. ‘ಆಲ್ ಇನ್‌ಕ್ಲೂಸಿವ್ ಅಂತ ಬರೆದಿದೆಯಲ್ಲ, ಇನ್ನೇನು ಖರ್ಚು?’ ಎನ್ನುತ್ತಾರೆ. ಖರ್ಚು ಇದೆ. ಅಲ್ಲಿ ಒಂದು ರೆಸಾರ್ಟ್ ಎಂದರೆ ಇಡೀ ಒಂದು ದ್ವೀಪ. ಊಟ ದುಬಾರಿ ಅನಿಸಿದರೆ ಹೊರಗೆ ಹೋಗಿ ತಿಂದು ಬರಲು ದಾರಿಯಿಲ್ಲ.

ಮೊದಲು ತೆರಿಗೆ ನೋಡಿ. ದರದ ಮುಂದೆ ++ ಎಂದಿದ್ದರೆ ಸೇವಾ ಶುಲ್ಕ ಮತ್ತು ಜಿಎಸ್‌ಟಿ ಬೇರೆ. ಶೇ 10 ಸೇವಾ ಶುಲ್ಕ, ಅದನ್ನೂ ಸೇರಿಸಿದ ಮೊತ್ತದ ಮೇಲೆ ಶೇ 17 ಪ್ರವಾಸೋದ್ಯಮ ಜಿಎಸ್‌ಟಿ (2025ರ ಜುಲೈನಿಂದ ಈ ದರ). 500 ಡಾಲರ್ ಕೋಣೆ 643.50 ಆಗುತ್ತದೆ. ಜೊತೆಗೆ ತಲೆಗೆ, ರಾತ್ರಿಗೆ 12 ಡಾಲರ್ ಗ್ರೀನ್ ಟ್ಯಾಕ್ಸ್.

ಎರಡನೆಯದು ಟ್ರಾನ್ಸ್‌ಫರ್. ಹೆಚ್ಚಿನವರು ಎಡವುವುದು ಇಲ್ಲೇ. ವೆಲಾನಾ ವಿಮಾನ ನಿಲ್ದಾಣದಿಂದ ಹತ್ತಿರದ ದ್ವೀಪಕ್ಕೆ ಸ್ಪೀಡ್ ಬೋಟ್, ದೂರದ್ದಕ್ಕೆ ಸೀಪ್ಲೇನ್. ಸೀಪ್ಲೇನ್‌ಗೆ ಹೋಗಿಬರಲು ಒಬ್ಬರಿಗೆ 400ರಿಂದ 600 ಡಾಲರ್ ಕೇಳುವುದು ಮಾಮೂಲು. ಎಷ್ಟೋ ಪ್ಯಾಕೇಜ್‌ಗಳಲ್ಲಿ ಇದು ಸೇರಿರುವುದಿಲ್ಲ. ಲೆಕ್ಕ ಹಾಕಿ: ಒಂದು ರೆಸಾರ್ಟ್ ರಾತ್ರಿಗೆ 500++, ಸೀಪ್ಲೇನ್ ತಲೆಗೆ 500. ಇನ್ನೊಂದು ಜಿಎಸ್‌ಟಿ, ಸೇವಾ ಶುಲ್ಕ ಸೇರಿ 650, ಬೋಟ್ ತಲೆಗೆ 150. ದಂಪತಿಗೆ ನಾಲ್ಕು ರಾತ್ರಿಗೆ, ಗ್ರೀನ್ ಟ್ಯಾಕ್ಸ್ ಸೇರಿ, ಮೊದಲನೆಯದು 3,670 ಡಾಲರ್, ಎರಡನೆಯದು 2,996. ಅಗ್ಗ ಎಂದು ಕಂಡದ್ದೇ ದುಬಾರಿ.

ಹಣಕ್ಕಿಂತ ದೊಡ್ಡ ತಲೆನೋವು ಸಮಯ. ಸೀಪ್ಲೇನ್ ಹಾರುವುದು ಹಗಲಲ್ಲಿ ಮಾತ್ರ. ನಿಮ್ಮ ವಿಮಾನ ಮಧ್ಯಾಹ್ನ ಮೂರೂವರೆಯ ನಂತರ ಇಳಿದರೆ ಅಂದು ದ್ವೀಪ ತಲುಪುವ ಭರವಸೆ ಇಲ್ಲ. ರಾಜಧಾನಿ ಮಾಲೆಯಲ್ಲೋ ಪಕ್ಕದ ಹುಲ್ಹುಮಾಲೆಯಲ್ಲೋ ಕೈಯಿಂದ ದುಡ್ಡು ಹಾಕಿ ರಾತ್ರಿ ಕಳೆಯಬೇಕು, ರೆಸಾರ್ಟ್‌ಗೆ ಕಟ್ಟಿದ ಆ ರಾತ್ರಿಯ ಹಣವೂ ಹೋದಂತೆಯೇ. ವಾಪಸ್ ಬರುವಾಗಲೂ ಅಷ್ಟೇ, ಬೆಳಿಗ್ಗೆ ಬೇಗ ಹೊರಡುವ ವಿಮಾನ ಸಿಗುವುದಿಲ್ಲ. ಆದ್ದರಿಂದ ವಿಮಾನದ ವೇಳೆ ನೋಡಿಕೊಂಡು ದ್ವೀಪ ಆರಿಸಿ. ಟಿಕೆಟ್ ಮಾಡಿಸಿದ ಮೇಲೆ ಯೋಚಿಸಬೇಡಿ. ಲಗೇಜ್ ಮಿತಿಯೂ ಕಡಿಮೆ, ಸಾಮಾನ್ಯವಾಗಿ 20 ಕೆ.ಜಿ. ಮತ್ತು ಕೈಚೀಲ 5 ಕೆ.ಜಿ. ನಾಲ್ಕು ರಾತ್ರಿಗಿಂತ ಕಡಿಮೆ ಇರುವವರು ಸೀಪ್ಲೇನ್ ದ್ವೀಪದ ಗೊಡವೆಗೇ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು, ‘ಆಲ್’ನಲ್ಲಿ ಏನೇನಿದೆ ಎಂಬ ಪಟ್ಟಿ ತರಿಸಿಕೊಳ್ಳಿ. ಬಫೆ ಸೇರಿರುತ್ತದೆ, ವಿಶೇಷ ರೆಸ್ಟೋರೆಂಟ್‌ಗೆ ಹೆಚ್ಚುವರಿ ಹಣ ಇರಬಹುದು. ಮಿನಿಬಾರ್, ಸ್ನಾರ್ಕೆಲಿಂಗ್ ಸಾಮಾನು, ದೋಣಿ ವಿಹಾರ ಒಂದೊಂದು ಕಡೆ ಒಂದೊಂದು ರೀತಿ. ಮದ್ಯ ಮುಟ್ಟದವರಿಗೆ ಆಲ್ ಇನ್‌ಕ್ಲೂಸಿವ್ ಬಹುತೇಕ ನಷ್ಟ. ಮೂರು ಹೊತ್ತಿನ ಊಟದ ಫುಲ್ ಬೋರ್ಡ್ ಸಾಕು. ಆದರೆ ಅದರಲ್ಲಿ ಕೆಲವೆಡೆ ಊಟದ ಜೊತೆಯ ನೀರಿಗೂ ಬಿಲ್ ಬರುತ್ತದೆ, ಮೊದಲೇ ಕೇಳಿ. ಸಸ್ಯಾಹಾರಿಗಳು ‘ವೆಜ್ ಸಿಗುತ್ತದೆ’ ಎಂಬ ಉತ್ತರಕ್ಕೆ ಒಪ್ಪದೆ ಮೆನುವನ್ನೇ ತರಿಸಿಕೊಳ್ಳಲಿ.

ಇನ್ನು ಚುಟುಕಾಗಿ: ಮೇ–ಅಕ್ಟೋಬರ್ ಮಳೆಗಾಲ, ದರ ಕಡಿಮೆ. ಭಾರತೀಯರಿಗೆ ಪ್ರವಾಸಿ ವೀಸಾ ಅಲ್ಲಿ ಇಳಿದಾಗಲೇ ಉಚಿತವಾಗಿ ಸಿಗುತ್ತದೆ. ಪ್ರಯಾಣಕ್ಕೆ ಮುಂಚಿನ 96 ಗಂಟೆಯೊಳಗೆ ‘ಇಮುಗಾ’ ಎಂಬ ಆನ್‌ಲೈನ್ ಪ್ರಯಾಣಿಕ ಘೋಷಣೆಯ ಅರ್ಜಿ ತುಂಬಿ, ಅದಕ್ಕೂ ಶುಲ್ಕವಿಲ್ಲ. ಇಲ್ಲಿನ ಏಜೆಂಟ್ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ವಸೂಲು ಮಾಡಿದರೆ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ರದ್ದತಿಯ ಕೊನೆಯ ದಿನಾಂಕ ಗುರುತು ಹಾಕಿಕೊಳ್ಳಿ. ತೆರಿಗೆ, ಟ್ರಾನ್ಸ್‌ಫರ್ ಎಲ್ಲ ಕೂಡಿಸಿದ ಒಟ್ಟು ಮೊತ್ತ ಬರಹದಲ್ಲಿ ಕೈಸೇರುವ ತನಕ ಯಾರಿಗೂ ಮುಂಗಡ ಕೊಡಬೇಡಿ.