ದೊಡ್ಡಕೆರೆ ಮೈದಾನದ ಮಣ್ಣು

ನಜರ್‌ಬಾದ್ ಟಿಪ್ಪು ಸುಲ್ತಾನ್ ಕಾಲದ ಹೆಸರು. ಹಳೇ ಮೈಸೂರು ಕೋಟೆ ಕೆಡವಿಸಿ, ಅದರ ಕಲ್ಲಲ್ಲೇ ಇಲ್ಲಿ ಹೊಸ ಕೋಟೆ ಕಟ್ಟಿಸೋಕೆ ಹೊರಟಿದ್ದ. 1799ರ ನಂತರ ಆ ಕಲ್ಲುಗಳು ವಾಪಸ್ ಹೋದವು. ಪಕ್ಕದ ದೊಡ್ಡಕೆರೆಯೂ ಈಗ ಕೆರೆಯಲ್ಲ, ಮೈದಾನ. ದಸರಾ ಬಂದರೆ ಅಲ್ಲಿನ ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ ಕುಸ್ತಿ.

ಅಖಾಡದ ಗುಟ್ಟು ಮಣ್ಣಲ್ಲಿದೆ. ರಸ್ತೆ ಹಾಕುವಾಗ ರೋಲರ್ ಓಡಿಸಿ ಮಣ್ಣಿನೊಳಗಿನ ಗಾಳಿ ಹೊರಹಾಕ್ತಾರೆ. ಇಲ್ಲಿ ಉಲ್ಟಾ! ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ಮತ್ತೆ ಮತ್ತೆ ಅಗೆದು ಸಡಿಲ ಮಾಡಬೇಕು. ಕಣಗಳ ನಡುವೆ ಜಾಗ ಇದ್ದರೇನೇ ಬಿದ್ದವನ ಪೆಟ್ಟನ್ನ ಮಣ್ಣು ನುಂಗುತ್ತೆ. ಅಗೆಯದೆ ಬಿಟ್ಟರೆ ಅದೂ ಬರೀ ಗಟ್ಟಿ ನೆಲ.

ಒಲಿಂಪಿಕ್ಸ್‌ನಲ್ಲಿರೋದು ಮ್ಯಾಟ್ ಕುಸ್ತಿ. ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟ್ ಲೆಕ್ಕ. ನಾಡಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಬೇಕು. ಅದು ಅರ್ಥ ಆಗೋಕೆ ಸ್ಕೋರ್‌ಬೋರ್ಡ್ ಬೇಡ, ಜನ ಸೇರೋದು ಅದಕ್ಕೇ ಅಂತ ನನ್ನ ಅನಿಸಿಕೆ. ಪದಕ ಬೇಕಾದ ಹುಡುಗರು ಮ್ಯಾಟ್‌ಗೆ ಹೋಗಲೇಬೇಕು, ತಪ್ಪಲ್ಲ. ಆದರೆ ದಸರಾಗೆ ಪೈಲ್ವಾನರು ಬರೋದು ಗರಡಿಗಳಿಂದ, ಅಲ್ಲಿ ಬೆಳಗ್ಗೆ ಎದ್ದು ಮಣ್ಣು ಅಗೆಯೋ ಹುಡುಗರು ಕಮ್ಮಿಯಾಗ್ತಿದ್ದಾರೆ.